ಕುದಿಸದ ರಸ

ಮುಚ್ಚಳ ಅರ್ಧ ತಿರುಗುವ ಮೊದಲೇ ಬಾಟಲಿ ಬುಸ್ ಎಂದಿತು. ಪಂಪಾಪತಿ ಅದನ್ನು ಮತ್ತೆ ಬಿಗಿದು, ಹಿಂದೆ ಯಾರಾದರೂ ನಿಂತಿದ್ದಾರೇನೋ ಎಂದು ತಿರುಗಿ ನೋಡಿದ. ಯಾರೂ ಇರಲಿಲ್ಲ. ಹೊರಗೆ ಅಪ್ಪ ಬೈಕಿನ ಸೀಟಿಗೆ ಬಟ್ಟೆ ಹೊಡೆಯುವ ಸದ್ದು ಮಾತ್ರ ಕೇಳುತ್ತಿತ್ತು. ಗುರುವಾರ ಹಿಚುಕಿದರೆ ತಗ್ಗುತ್ತಿದ್ದ ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿ ಈಗ ಪೈಲ್ವಾನನ ಎದೆಯ ಹಾಗೆ ಸೆಟೆದುಕೊಂಡಿತ್ತು. ಒಳಗಿನ ಕಪ್ಪುಗೆಂಪು ನೀರಿನ ಮೇಲೆ ಗುಳ್ಳೆಗಳು ಒಂದೊಂದಾಗಿ ಎದ್ದು, ಏನೋ ಹೇಳಲು ಬಂದು ಬೇಡವೆಂದುಕೊಂಡವರ ಹಾಗೆ ಒಡೆಯುತ್ತಿದ್ದವು. ಹೊರಬಿದ್ದ ಒಂದು ಉಸಿರಿನಷ್ಟು ವಾಸನೆ ಅಡುಗೆಯ ಮೂಲೆಯಲ್ಲಿ ನಿಂತುಬಿಟ್ಟಿತು. ಅದು ಯಾವ ವಾಸನೆ ಎಂದು ಯೋಚಿಸುವ ಪ್ರಸಂಗವೇ ಬರಲಿಲ್ಲ. ಹತ್ತು ವರ್ಷದವನಿದ್ದಾಗ ಇದೇ ವಾಸನೆಯ ಪಕ್ಕದಲ್ಲಿ, ಇದೇ ತಗಡಿನ ಕೆಳಗೆ, ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ಸಿನಿಮಾದಲ್ಲಾದರೆ ಇಲ್ಲಿ ಡ್ರಮ್ಮು ಬಾರಿಸಿ ಇಂಟರ್‌ವಲ್ ಕೊಡುತ್ತಿದ್ದರು. ಜನ ಹೊರಗೆ ಹೋಗಿ ಮಿರ್ಚಿ ತಿಂದು ಬರುವಷ್ಟರಲ್ಲಿ ಹೀರೋ ಏನಾದರೊಂದು ದಾರಿ ಹುಡುಕಿಕೊಂಡಿರುತ್ತಿದ್ದ. ಗಡಿಯಾರದಲ್ಲಿ ಒಂಬತ್ತೂಕಾಲು. ಆರಾಧನೆ ಹತ್ತಕ್ಕೆ.

ಮಸ್ಕಿಯ ಅವರ ಪ್ರಾರ್ಥನಾ ಮಂದಿರದಲ್ಲಿ ತಿಂಗಳ ಮೊದಲ ಭಾನುವಾರ ಕರ್ತನ ಭೋಜನ. ರೊಟ್ಟಿ ಮುರಿದು ಹಂಚುತ್ತಾರೆ. ಯೇಸುವಿನ ರಕ್ತದ ನೆನಪಿಗೆ ಹೆಬ್ಬೆರಳಿನ ಗಾತ್ರದ ಕಪ್ಪುಗಳಲ್ಲಿ ದ್ರಾಕ್ಷಿಯ ರಸ ಕೊಡುತ್ತಾರೆ. ದೊಡ್ಡ ಊರಿನ ಸಭೆಗಳಿಗೆ ಸೀಲು ಮಾಡಿದ ಬಾಟಲಿ ಬರುತ್ತದಂತೆ. ಇಲ್ಲಿ ರಸ ಮಾಡುವುದು ಮನೆಮನೆಯ ಪಾಳಿ. ಕಪ್ಪು ಒಣದ್ರಾಕ್ಷಿಯನ್ನು ಶನಿವಾರ ಸಂಜೆ ನೆನೆಹಾಕಿ, ಭಾನುವಾರ ಬೆಳಿಗ್ಗೆ ಚೆನ್ನಾಗಿ ಕುದಿಸಿ, ಬಿಳಿ ಬಟ್ಟೆಯಲ್ಲಿ ಸೋಸಿ, ಆರಿಸಿ ತರಬೇಕು. ಕುದಿಸುವುದು ಕಡ್ಡಾಯ. ಯಾಕೆಂದರೆ ಆ ಸಭೆಯ ಗಂಡಸರಲ್ಲಿ ಮುಕ್ಕಾಲು ಜನ ಕುಡಿತ ಬಿಟ್ಟು ಬಂದವರು. ಅವರ ನಾಲಿಗೆಯ ಆಸುಪಾಸು ಹುಳಿ ಬಂದ ಒಂದು ತೊಟ್ಟೂ ಸುಳಿಯಕೂಡದು. ಈ ತಿಂಗಳ ಪಾಳಿ ಅವ್ವ ಪದ್ಮಾವತಿಯದಾಗಿತ್ತು. ಅವಳು ತಂಗಿಯ ಮಗಳ ಹೆರಿಗೆಯೆಂದು ಬುಧವಾರವೇ ತುರ್ವಿಹಾಳದ ಬಸ್ಸು ಹತ್ತಿದ್ದಳು. ಹತ್ತುವ ಮುಂಚೆ ನೆನೆಹಾಕು, ಕುದಿಸು, ಸೋಸು ಎಂಬ ಮೂರು ಮಾತನ್ನು ಮಗನ ಬಾಯಲ್ಲಿ ಮೂರು ಸಲ ಹೇಳಿಸಿದ್ದಳು. ಪಂಪಾಪತಿ ಶನಿವಾರದ ಕೆಲಸವನ್ನು ಗುರುವಾರವೇ ಮುಗಿಸಿದ. ಅಡ್ವಾನ್ಸ್ ಬುಕಿಂಗ್. ಬೆಳಿಗ್ಗೆ ನೆನೆಹಾಕಿ, ಸಂಜೆ ಹಿಚುಕಿ ಸೋಸಿ, ರುಚಿಗಿರಲಿ ಎಂದು ಸಕ್ಕರೆ ಸುರಿದು, ಬಾಟಲಿಗೆ ತುಂಬಿ ತಗಡಿಗೆ ತಾಗಿಕೊಂಡಿದ್ದ ಅಟ್ಟದ ಮೇಲೆ ಇಟ್ಟ. ಕುದಿಸುವುದನ್ನು ಆಮೇಲೆ ನೋಡಿದರಾಯಿತು ಎಂದುಕೊಂಡ. ಆ ಆಮೇಲೆ ಬರಲೇ ಇಲ್ಲ. ಮೇ ತಿಂಗಳ ತಗಡು ಬಂದು ತನಗೆ ತಿಳಿದ ರೀತಿಯಲ್ಲಿ ಆ ಕೆಲಸ ಮಾಡಿ ಹೋಗಿತ್ತು. ನಿನ್ನೆ ಅವ್ವ ಫೋನ್ ಮಾಡಿ ನೆನೆಹಾಕಿದೆಯಾ, ನಾಳೆ ಕುದಿಸುತ್ತೀ ತಾನೆ ಎಂದು ಕೇಳಿದಾಗ, ಕುದಿಯುವ ರಕ್ತದ ಬಗ್ಗೆ ಹೀರೋ ದನಿಯಲ್ಲಿ ಏನೋ ಒಂದು ಡೈಲಾಗು ಬಿಟ್ಟಿದ್ದ. ಅವ್ವ ನಕ್ಕು ಫೋನಿಟ್ಟಿದ್ದಳು. ಅವನ ಜೊತೆ ಮಾತಾಡಿದವರು ನಗದೆ ಫೋನಿಡುವುದು ಕಡಿಮೆ. ಉತ್ತರ ಸಿಕ್ಕಿಲ್ಲ ಎಂಬುದು ಅವರಿಗೆ ಆಮೇಲೆ ಹೊಳೆಯುತ್ತದೆ, ಅಥವಾ ಹೊಳೆಯುವುದೇ ಇಲ್ಲ.

ಡೈಲಾಗು ಅವನ ಹೊಟ್ಟೆಪಾಡು. ಸಿಂಧನೂರಿನ ಒಂದು ಸೌಂಡ್ ಅಂಗಡಿಯಲ್ಲಿ ಆಟೋ ಪ್ರಚಾರದ ರೆಕಾರ್ಡು ಮಾಡುತ್ತಾನೆ. ಸೀರೆ ಸೇಲು, ಭತ್ತ ಕೊಯ್ಯುವ ಮಷೀನು, ಮೂಲವ್ಯಾಧಿ ಶಿಬಿರ, ಎಲ್ಲಕ್ಕೂ ಒಬ್ಬೊಬ್ಬ ಹೀರೋನ ದನಿ. ಬಳಗಾನೂರಿನ ಗದ್ದೆಗಳಲ್ಲಿ ನಾಟಿ ಹಚ್ಚುವ ಹೆಂಗಸರೂ ಆ ದನಿ ಕೇಳಿ ಸೊಂಟ ಎತ್ತಿ ನೋಡುತ್ತಾರೆ. ತನ್ನ ಸ್ವಂತ ದನಿಯಲ್ಲಿ ಅವನು ಒಂದು ಸಲವೂ ಏನನ್ನೂ ರೆಕಾರ್ಡು ಮಾಡಿಲ್ಲ. ಅದಕ್ಕೆ ಅವನದೇ ಒಂದು ಸಿದ್ಧಾಂತವಿತ್ತು: ಸಿನಿಮಾದಲ್ಲಿ ನಮ್ಮ ಕಡೆಯ ಮಾತಾಡುವವನು ಒಂದೋ ನಗಿಸಲು ಬಂದಿರುತ್ತಾನೆ, ಇಲ್ಲವೇ ಮೊದಲ ಫೈಟಿನಲ್ಲಿ ಒದೆ ತಿನ್ನಲು ಬಂದಿರುತ್ತಾನೆ, ಸತ್ಯ ಹೇಳುವವನು ಯಾವಾಗಲೂ ಬೆಂಗಳೂರಿನ ಕನ್ನಡದಲ್ಲೇ ಹೇಳುತ್ತಾನೆ. ಹೀಗಾಗಿ ನಿಜವಾದ ಮಾತು ಆಡಬೇಕಾದಾಗಲೆಲ್ಲ ಪಂಪಾಪತಿಗೆ ಮೊದಲು ಯಾರ ದನಿಯಲ್ಲಿ ಎಂಬ ಪ್ರಶ್ನೆ ಬರುತ್ತಿತ್ತು. ಅದನ್ನು ತೀರ್ಮಾನಿಸುವಷ್ಟರಲ್ಲಿ ಸಂದರ್ಭ ಮುಗಿದಿರುತ್ತಿತ್ತು.

ಈಗ ಬಾಗಿಲಲ್ಲಿ ಅಪ್ಪ ದುರುಗಪ್ಪ ಬಂದು ನಿಂತ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ಕೂದಲು. ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಇಪ್ಪತ್ತು ವರ್ಷ ಹಮಾಲಿ ಮಾಡಿ ಈಗ ಅಲ್ಲೇ ಗೇಟು ಕಾಯುವ ಮನುಷ್ಯ. ಏಳು ವರ್ಷದಿಂದ ಕುಡಿದಿಲ್ಲ. ಸಭೆಯ ಹಿರಿಯ ಆದಪ್ಪ ಮಾಸ್ತರರ ಕೈ ನಡುಗಲು ಶುರುವಾಗಿ ಕಪ್ಪುಗಳ ತಟ್ಟೆ ಹಿಡಿಯುವುದು ಆಗದಾದಾಗ, ಇನ್ನು ಮೇಲೆ ದುರುಗಪ್ಪ ಹಿಡಿಯಲಿ ಎಂದು ಅವರೇ ಹೇಳಿದ್ದರು. ಇವತ್ತು ಮೊದಲ ಸಲ. ವಾರದಿಂದ ಅಪ್ಪ ಮನೆಯ ಸ್ಟೀಲ್ ಪರಾತದ ಮೇಲೆ ನೀರು ತುಂಬಿದ ಲೋಟಗಳನ್ನಿಟ್ಟುಕೊಂಡು ಬಾಗಿಲಿನಿಂದ ಹಿತ್ತಲಿಗೆ, ಹಿತ್ತಲಿನಿಂದ ಬಾಗಿಲಿಗೆ ನಡೆದು ಅಭ್ಯಾಸ ಮಾಡಿದ್ದ. ಪಂಪಾಪತಿ ಹಿನ್ನೆಲೆ ಸಂಗೀತ ಕೊಟ್ಟಿದ್ದ. ಒಂದು ತೊಟ್ಟೂ ಚೆಲ್ಲದೆ ಬಂದಾಗ ಅಪ್ಪ ಮಗನ ಕಡೆ ನೋಡಿದ್ದ ರೀತಿ ಈಗ ಬಾಟಲಿಗಿಂತ ಭಾರವಾಗಿ ಕೈಯಲ್ಲಿತ್ತು. ಹೇಳಬೇಕಾದದ್ದು ಎರಡೇ ಶಬ್ದ. ರಸ ಕೆಟ್ಟಿದೆ. ಅವನು ಬಾಟಲಿಯನ್ನು ಕೈಚೀಲಕ್ಕೆ ಹಾಕಿ, ಮೇಲೆ ಒದ್ದೆ ಬಟ್ಟೆ ಮುಚ್ಚಿ, ಬೈಕು ಚಾಲೂ ಮಾಡು ಬಂದೆ ಎಂದ.

ದಾರಿಯಲ್ಲಿ ಉಸ್ಮಾನ್‌ಸಾಬ್‌ನ ಕಿರಾಣಿ ಅಂಗಡಿಯ ಮುಂದೆ ಮೊಬೈಲ್ ರೀಚಾರ್ಜಿನ ನೆಪ ಹೇಳಿ ಇಳಿದ. ದ್ರಾಕ್ಷಿ ಜ್ಯೂಸು ಇದೆಯೇ ಎಂದರೆ ಮಾವಿನದಿದೆ, ಕಿತ್ತಳೆಯದಿದೆ ಎಂಬ ಉತ್ತರ ಬಂತು. ಮಾವಿನ ರಸವನ್ನು ಕೈಯಲ್ಲಿ ಹಿಡಿದು ಇದು ಯಾರದಾದರೂ ರಕ್ತ ಎಂದರೆ ಕಾಮಾಲೆ ಆಗಿತ್ತೇ ಎಂದು ಕೇಳುತ್ತಾರೆ. ಕಪ್ಪು ಒಣದ್ರಾಕ್ಷಿ ಇತ್ತು, ಆದರೆ ನೆನೆಸಲು ಹೊತ್ತಿರಲಿಲ್ಲ. ಪಂಪಾಪತಿ ಸುತ್ತ ನೋಡಿ ಬಾಟಲಿಯ ಮುಚ್ಚಳ ಸಡಿಲಿಸಿ ಮುದುಕನ ಮೂಗಿಗೆ ಹಿಡಿದ. ಉಸ್ಮಾನ್‌ಸಾಬ್ ಮುಖ ಹಿಂದೆಳೆದು ತೋಬಾ ತೋಬಾ ಎಂದ. ನಂತರ ಬಹಳ ಸಲೀಸಾಗಿ, ಉಪ್ಪು ಎಲ್ಲಿದೆ ಎಂದು ಹೇಳುವವನಂತೆ ಹೇಳಿದ:

"ಖರಾಬ್ ಆಗೈತಿ ಅಂತ ಹೇಳಿಬಿಡು ಬೇಟಾ. ಅದರಾಗೇನೈತಿ?"

ಅದರಾಗೇನೈತಿ. ಜಗತ್ತಿನ ಎಲ್ಲ ಉಪದೇಶ ಇಷ್ಟು ಸಣ್ಣ ಅಂಗಡಿಯಲ್ಲಿ ಇಷ್ಟು ಅಗ್ಗವಾಗಿ ಸಿಗುತ್ತದೆಂದು ಅವನಿಗೆ ಸಿಟ್ಟು ಬಂತು. ಹಿಂದಿನ ಸೀಟಿನಲ್ಲಿ ಕೂತು ಅಪ್ಪನ ಬಿಳಿ ಬೆನ್ನನ್ನೇ ನೋಡುತ್ತ ಬಂದ. ರಸ್ತೆಯ ಒಂದೊಂದು ತಗ್ಗಿಗೂ ಮಡಿಲಲ್ಲಿ ಬಾಟಲಿ ಗುಳುಗುಳು ಎನ್ನುತ್ತಿತ್ತು.

ಮಂದಿರದ ಹೊರಗೆ ಸಭಾಪಾಲಕ ಮಾನಪ್ಪನವರು ಚಪ್ಪಲಿಗಳನ್ನು ಸಾಲಾಗಿ ಇಡಿಸುತ್ತಿದ್ದರು. ಪಂಪಾಪತಿ ಹತ್ತಿರ ಹೋಗಿ, ಅಯ್ಯನವರೇ, ರಸಕ್ಕೆ ಹುಳಿ ಬಂದಿದೆ, ಕುಡಿದರೆ ಏರಬಹುದು ಎಂದ. ಹೇಳಿಯೇಬಿಟ್ಟ. ಎದೆಯಿಂದ ಒಂದು ಮಣ ಭಾರ ಇಳಿದಂತಾಗಿ, ಆ ಹಗುರಕ್ಕೆ ಮುಖದಲ್ಲಿ ಒಂದು ಸಣ್ಣ ನಗು ಬಂತು. ಆ ನಗುವೇ ಕೆಲಸ ಕೆಡಿಸಿತು. ಮಾನಪ್ಪನವರು ಅವನ ಮುಖ ನೋಡಿದರು. ಕಳೆದ ಕ್ರಿಸ್ಮಸ್ಸಿಗೆ ಇದೇ ಮುಖ ಅವರದೇ ದನಿಯಲ್ಲಿ ಮೈಕಿನೊಳಗೆ, ಆರಾಧನೆಯ ನಂತರ ಬಿರಿಯಾನಿ ಇದೆ, ಪಾತ್ರೆ ತಂದವರಿಗೆ ಪಾರ್ಸೆಲ್ಲೂ ಇದೆ ಎಂದು ಸಾರಿತ್ತು; ಪಕ್ಕದ ಓಣಿಯಿಂದೆಲ್ಲ ಡಬ್ಬಿ ಹಿಡಿದು ಬಂದವರಿಗೆ ಅಯ್ಯನವರು ಕೈಮುಗಿದು ಬಿಸ್ಕೀಟು ಹಂಚಿದ್ದರು.

"ಇವತ್ತು ನಿಮ್ಮಪ್ಪನ ದಿನ ಐತಿ. ಇವತ್ತೊಂದು ದಿನ ನಿನ್ನ ಡೈಲಾಗ್ ಬಂದ್ ಇಡಲೇ," ಎಂದು ಅವರು ಬಾಟಲಿಯನ್ನು ಇಸಿದುಕೊಂಡು ಪಕೀರಮ್ಮನ ಕೈಗೆ ಕೊಟ್ಟರು.

ಕಪ್ಪುಗಳಿಗೆ ರಸ ತುಂಬುವುದು ವಿಧವೆ ಪಕೀರಮ್ಮನ ಸೇವೆ. ಅವಳ ಮೂಗಿನ ಮೇಲೆ ಅವನು ಇಟ್ಟಿದ್ದ ಕೊನೆಯ ಆಸೆ ಅಲ್ಲೇ ಸತ್ತಿತು. ಪಕೀರಮ್ಮ ನಲವತ್ತು ವರ್ಷದಿಂದ ನಶ್ಯ ಏರಿಸುವವಳು. ಬಿಡಬೇಕವ್ವಾ ಎಂದು ಅಯ್ಯನವರು ಅಂದಾಗಲೆಲ್ಲ ಬೈಬಲ್‌ನಲ್ಲಿ ನಶ್ಯ ಅಂತ ಎಲ್ಲಿ ಬರೆದಿದೆ ತೋರಿಸಿರಿ ಎಂದು ಕೂತುಬಿಡುತ್ತಿದ್ದಳು. ಆ ಮೂಗಿಗೆ ಗುಲಾಬಿಯೂ ಒಂದೇ, ಗೊಬ್ಬರವೂ ಒಂದೇ. ಮುಚ್ಚಳ ಬುಸ್ ಎಂದಾಗ ಮಾತ್ರ ಅವಳು ಮೆಚ್ಚಿ ತಲೆಯಾಡಿಸಿ, ಪದ್ಮಾ ಈ ಸಲ ಸೋಡಾ ಹಾಕಿಸಿದ್ದಾಳೆ ಎಂದಳು. ತಟ್ಟೆಯ ಮೇಲೆ ನಲವತ್ತೊಂದು ಕಪ್ಪು ತುಂಬಿ, ಬಿಳಿ ಬಟ್ಟೆ ಹೊದಿಸಿ, ಉಳಿದ ಅರ್ಧ ಬಾಟಲಿಯನ್ನು ಅವನ ಕೈಚೀಲಕ್ಕೇ ಮರಳಿ ಹಾಕಿದಳು.

ಕರ್ತನ ಭೋಜನದ ದಿನ ಪ್ರಸಂಗ ಯಾವಾಗಲೂ ಕುಡಿತದ ಮೇಲೇ. ಮಾನಪ್ಪನವರು ಒಂದು ಕಾಲದಲ್ಲಿ ಬಳಗಾನೂರಿನಲ್ಲೇ ಹೆಸರಾದ ಕುಡುಕರು. ಸಾರಾಯಿಯನ್ನು ಬಯ್ಯುವಾಗ ಅವರ ಮಾತಿಗೆ ಬರುತ್ತಿದ್ದ ಕಳೆ ಸ್ವರ್ಗವನ್ನು ಹೊಗಳುವಾಗ ಬರುತ್ತಿರಲಿಲ್ಲ. ಪಂಪಾಪತಿ ಯುವಕರ ಸಾಲಿನ ತುದಿಯಲ್ಲಿ, ಚಾಪೆಯ ಕಡ್ಡಿ ಕೀಳುತ್ತ ಕೂತ. ಬೈಬಲ್‌ನ ವಿಷಯದಲ್ಲಿ ಅವನದು ಹಳೆಯ ತಕರಾರು. ಕಾನಾ ಊರಿನ ಮದುವೆಯಲ್ಲಿ ಯೇಸು ಆರು ಬಾನಿ ನೀರನ್ನು ದ್ರಾಕ್ಷಾರಸ ಮಾಡಿದನಲ್ಲ, ಅದು ಆಗ ತಾನೇ ಹಿಂಡಿದ ರಸ, ಅಮಲಿನದಲ್ಲ ಎಂದು ಅಯ್ಯನವರು ಹೇಳುತ್ತಿದ್ದರು. ಹಾಗಾದರೆ ಅಡುಗೆಯ ಮೇಸ್ತ್ರಿ, ಎಲ್ಲರೂ ಚೆನ್ನಾಗಿ ಕುಡಿದಾದ ಮೇಲೆ ಒಳ್ಳೆಯದನ್ನು ತೆಗೆದಿದ್ದೀಯಲ್ಲ ಎಂದು ಮದುಮಗನನ್ನು ಯಾಕೆ ಕೇಳಿದ ಎಂದು ಪಂಪಾಪತಿ ಒಮ್ಮೆ ಎದ್ದು ನಿಂತಿದ್ದ. ಪೌಲನು ತಿಮೊಥೆಯನಿಗೆ, ಬರೀ ನೀರು ಕುಡಿಯಬೇಡ, ನಿನ್ನ ಹೊಟ್ಟೆಯ ಸಲುವಾಗಿ ಸ್ವಲ್ಪ ದ್ರಾಕ್ಷಾರಸ ತಗೋ ಎಂದು ಬರೆದದ್ದು ಡಾಕ್ಟರ ಚೀಟಿಯೋ ಏನು ಎಂದೂ ಕೇಳಿದ್ದ. ಪೇತ್ರನು ಗುಂಪಿನ ಮುಂದೆ ನಿಂತು, ಇವರು ಕುಡಿದಿಲ್ಲ, ಇನ್ನೂ ಬೆಳಗಿನ ಒಂಬತ್ತು ಗಂಟೆ ಎಂದು ವಾದಿಸಿದ ಭಾಗ ಬಂದಾಗಲಂತೂ, ಪೇತ್ರ ನಮ್ಮ ಸಿಂಧನೂರಿನ ಗಿರಣಿ ನೋಡಿಲ್ಲ ಬಿಡ್ರಿ ಎಂದು ಇಡೀ ಸಾಲನ್ನು ನಗಿಸಿದ್ದ. ಎಲ್ಲರೂ ನಕ್ಕು ಮುಗಿಸಿದ ಮೇಲೆ ಹಿಂದಿನಿಂದ ಅಪ್ಪ ಎದ್ದಿದ್ದ. ಅವನಿಗೆ ಓದು ಬರುವುದಿಲ್ಲ. "ಪುಸ್ತಕದಾಗ ಏನೈತೋ ನನಗ ತಿಳಿಯಂಗಿಲ್ಲ. ತಿಮೊಥೆಯಗ ಸ್ವಲ್ಪ ಅಂದ್ರ ಎಷ್ಟಂತ ಗೊತ್ತಿತ್ತು. ನನಗ ಗೊತ್ತಿಲ್ಲ," ಎಂದು ಅಷ್ಟೇ ಹೇಳಿ ಕೂತಿದ್ದ.

ಇವತ್ತು ಮಾನಪ್ಪನವರು ನೋಹನನ್ನು ತೆಗೆದರು. ಜಲಪ್ರಳಯ ಇಳಿದ ಮೇಲೆ ನೋಹ ದ್ರಾಕ್ಷಿ ತೋಟ ಹಾಕಿದ, ಕುಡಿದ, ಡೇರೆಯೊಳಗೆ ಮೈಮೇಲೆ ಬಟ್ಟೆಯಿಲ್ಲದೆ ಬಿದ್ದ. ಹಾಮನೆಂಬ ಮಗ ಅದನ್ನು ನೋಡಿ ಹೊರಗೆ ಬಂದು ಅಣ್ಣತಮ್ಮಂದಿರಿಗೆ ಸಾರಿದ. ಉಳಿದಿಬ್ಬರು ಮಕ್ಕಳು, ಶೇಮ್ ಮತ್ತು ಯೆಫೆತ್, ಹೆಗಲ ಮೇಲೆ ಒಂದು ಬಟ್ಟೆ ಹಾಕಿಕೊಂಡು, ತಂದೆಯ ಮಾನ ಕಣ್ಣಿಗೆ ಬೀಳಬಾರದೆಂದು ಮುಖ ಆ ಕಡೆ ತಿರುಗಿಸಿ, ಹಿಂದುಹಿಂದಕ್ಕೆ ನಡೆದು ಹೋಗಿ ಹೊದಿಸಿದರು. ಹೇಳುತ್ತ ಹೇಳುತ್ತ ಮಾನಪ್ಪನವರ ಕೈ ಯುವಕರ ಸಾಲಿನ ಕಡೆ ಚಾಚಿತು. ನಮ್ಮ ಸಭೆಯಲ್ಲೂ ಒಬ್ಬ ಶೇಮ್ ಇದ್ದಾನೆ, ಬಾಯಿ ಸ್ವಲ್ಪ ಜಾಸ್ತಿ, ಆದರೆ ಶೇಮ್ ಎಂದರು. ಹೆಂಗಸರು ಆಮೆನ್ ಎಂದು ಅವನ ಕಡೆ ಪ್ರೀತಿಯಿಂದ ನೋಡಿದರು. ಪಂಪಾಪತಿ ಚಾಪೆಯ ಕಡ್ಡಿಯನ್ನು ಮುರಿದ.

ಲಿಂಗಸೂಗೂರಿನ ಬಸ್ ನಿಲ್ದಾಣದಲ್ಲಿ ಅವತ್ತೂ ಇಂಥದೇ ಬಿಸಿಲು. ಅವನಿಗಾಗ ಹದಿನಾರು ವರ್ಷ. ಕಾಲೇಜಿನ ಫಾರ್ಮು ತುಂಬುವುದಿದೆ ಎಂದು ಮನೆಯಲ್ಲಿ ಹೇಳಿ ಮೂವರು ಗೆಳೆಯರ ಜೊತೆ ಮ್ಯಾಟಿನಿ ನೋಡಿ ಬಂದಿದ್ದ. ಎದೆಯ ಗುಂಡಿ ಎರಡು ಬಿಚ್ಚಿಕೊಂಡು ಹೀರೋ ಹಾಗೆ ನಡೆಯುತ್ತಿದ್ದ. ಮೂತ್ರಿಯ ಗೋಡೆಯ ಹತ್ತಿರ ಒಂದು ಗುಂಪು. ನಡುವೆ ಒಬ್ಬ ಮನುಷ್ಯ. ಲುಂಗಿ ಒಂದು ಕಡೆ, ತಾನು ಒಂದು ಕಡೆ. ಕಾಲಿನ ಹೆಬ್ಬೆರಳ ಉಗುರು ಗುರುತು ಸಿಕ್ಕಿತು, ಅಕ್ಕಿಯ ಚೀಲ ಬಿದ್ದು ಕಪ್ಪಾದ ಉಗುರು. ಯಾರಲೇ ಇದು ಎಂದು ಗೆಳೆಯನೊಬ್ಬ ಕೇಳಿದ. ಪಂಪಾಪತಿ ಎರಡು ಹೆಜ್ಜೆ ಹಿಂದೆ ಸರಿದ, ಕಣ್ಣು ಅರ್ಧ ಮುಚ್ಚಿದ, ತುಟಿ ಸೊಟ್ಟ ಮಾಡಿದ, ಮನೆಯಲ್ಲಿ ಸಾವಿರ ಸಲ ಕೇಳಿದ್ದ ತೊದಲು ದನಿಯಲ್ಲಿ, "ಯಾವನಲೇ ಅವ, ನಾ ಯಾರಂತ ತಿಳಿದಿ," ಎಂದು ತೂರಾಡಿ ತೋರಿಸಿದ. ಗೆಳೆಯರಷ್ಟೇ ಅಲ್ಲ, ಇಡೀ ಗುಂಪು ಕೇಕೆ ಹಾಕಿತು. ಚಪ್ಪಾಳೆ ಬಂತು. ಅವನ ಬದುಕಿನ ಮೊದಲ ಚಪ್ಪಾಳೆ. ಈಗಲೂ ರೆಕಾರ್ಡಿಂಗ್ ಕೋಣೆಯಲ್ಲಿ ಮೈಕಿನ ಮುಂದೆ ನಿಂತಾಗ ಮೊದಲು ಕಿವಿಗೆ ಬರುವುದು ಅದೇ. ಆಗ ಶೇಂಗಾ ಮಾರುವ ಮುನ್ನಿಬೀ ಬುಟ್ಟಿ ಕೆಳಗಿಟ್ಟು, ಎಲ್ಲರನ್ನೂ ಬಯ್ಯುತ್ತ, ಗೋಣಿಚೀಲ ಕೊಡವಿ ಅಪ್ಪನ ಮೇಲೆ ಹೊದಿಸಿದಳು. ಮಸ್ಕಿಯ ಬಸ್ಸು ಬಂತು. ಅವನು ಕಿಟಕಿಯ ಸೀಟು ಹಿಡಿದ. ಮರುದಿನ ಸಂಜೆ ಅಪ್ಪ ನೆಟ್ಟಗೆ ನಡೆದು ಮನೆಗೆ ಬಂದ. ಆಮೇಲೆ ಕುಡಿಯಲಿಲ್ಲ. ಮೂರು ತಿಂಗಳ ನಂತರ ದೀಕ್ಷಾಸ್ನಾನದ ದಿನ ಎಲ್ಲರ ಮುಂದೆ ನಿಂತು ಸಾಕ್ಷಿ ಹೇಳಿದ: ಲಿಂಗಸೂಗೂರಿನಲ್ಲಿ ನಾಯಿಯ ಹಾಗೆ ಬಿದ್ದಿದ್ದೆ, ನನ್ನ ಮಗ ಅವತ್ತು ಅಲ್ಲಿಗೆ ಬಂದಿದ್ದ, ಎಚ್ಚರಾದಾಗ ನನ್ನ ಮೇಲೆ ಚೀಲ ಇತ್ತು, ಮಗ ಹೊದಿಸಿದ್ದ, ಅವತ್ತೇ ಬಿಟ್ಟೆ. ಅವ್ವ ಅಳುತ್ತ ಮಗನ ತಲೆ ಸವರಿದ್ದಳು. ಪಂಪಾಪತಿ ಇಲ್ಲ ಎನ್ನಲು ಬಾಯಿ ತೆರೆದಿದ್ದ. ಯಾರ ದನಿಯಲ್ಲಿ ಹೇಳುವುದೆಂದು ತಿಳಿಯಲಿಲ್ಲ. ಅಂದಿನಿಂದ ಏಳು ವರ್ಷ ಅವನು ಆ ಚೀಲದ ಕೆಳಗೇ ಇದ್ದ.

ಹಾಡು ಮುಗಿಯಿತು. ರೊಟ್ಟಿ ಹಂಚಿದ್ದಾಯಿತು. ಅಪ್ಪ ಎದ್ದು ಹೋಗಿ ಮೇಜಿನ ಮೇಲಿನ ತಟ್ಟೆಯ ಬಿಳಿ ಬಟ್ಟೆ ತೆಗೆದ. ತಟ್ಟೆ ಎತ್ತಿದವನು ಹಾಗೇ ನಿಂತ. ಎರಡು ಕ್ಷಣ, ಮೂರು ಕ್ಷಣ. ನಲವತ್ತೊಂದು ಕಪ್ಪುಗಳು ಒಂದಕ್ಕೊಂದು ತಾಗಿ ಸಣ್ಣಗೆ ಕಿಣಿಕಿಣಿ ಎಂದವು. ಮಾಸ್ತರರ ಕೈ ನಡುಗಿದಾಗಲೂ ಇಂಥ ಸದ್ದು ಬಂದಿರಲಿಲ್ಲ. ಪಂಪಾಪತಿ ತಲೆ ಎತ್ತಲಿಲ್ಲ. ಎತ್ತಿದಾಗ ಅಪ್ಪ ಅವನನ್ನೇ ನೋಡುತ್ತಿದ್ದ. ಕೂಗಿಬಿಡು, ಈಗಲೇ ಎದ್ದು ಕೂಗಿಬಿಡು ಎಂದುಕೊಂಡ. ಅಪ್ಪ ನೋಟ ಆ ಕಡೆ ಸರಿಸಿ, ಅಭ್ಯಾಸ ಮಾಡಿದ ಹಾಗೆ, ನಿಧಾನವಾಗಿ ನಡೆಯಲು ಶುರು ಮಾಡಿದ. ಒಂದು ತೊಟ್ಟೂ ಚೆಲ್ಲಲಿಲ್ಲ.

ಮೊದಲ ಕಪ್ಪು ಸಭಾಪಾಲಕರದು. ಮಾನಪ್ಪನವರು ಕಣ್ಣು ಮುಚ್ಚಿ ಎತ್ತಿ ಕುಡಿದರು. ಅವರ ಗಂಟಲಿನ ಮಣಿ ಮೇಲೆ ಹೋಗಿ ಅಲ್ಲೇ ನಿಂತಿತು. ಕಣ್ಣು ತೆರೆಯಿತು. ಇಪ್ಪತ್ತು ವರ್ಷ ಕಾಣದ ಗೆಳೆಯ ಸಂತೆಯಲ್ಲಿ ಹೆಗಲ ಮೇಲೆ ಕೈ ಇಟ್ಟರೆ ಆಗುವಂಥ ಮುಖ. ನಂತರ ಮಣಿ ಇಳಿಯಿತು, ಕಣ್ಣು ಮತ್ತೆ ಮುಚ್ಚಿತು. ಅವರು ಸ್ತೋತ್ರ ಎಂದರು. ಗಂಡಸರ ಸಾಲಿನಲ್ಲಿ ಒಬ್ಬೊಬ್ಬರೂ ಹೀಗೇ ನಿಂತು ನಿಂತು ಮುಂದೆ ಹೋದರು. ಎತ್ತಿದರು, ತಡೆದರು, ನುಂಗಿದರು, ಸ್ತೋತ್ರ ಎಂದರು. ಎಂದಿಗಿಂತ ಹೆಚ್ಚು ಭಕ್ತಿಯಿಂದ ಎಂದರು. ಒಬ್ಬನಂತೂ ಕಪ್ಪನ್ನು ಒಂದು ಗಳಿಗೆ ಹೆಚ್ಚೇ ಬಗ್ಗಿಸಿ ಹಿಡಿದ. ಪಂಪಾಪತಿಗೆ ನಗು ಉಕ್ಕಿ ಬಂತು. ಎಲ್ಲರಿಗೂ ಗೊತ್ತಾಗಿದೆ. ಬಾಯಿ ಬಿಡುವಂತಿಲ್ಲ, ಬಿಟ್ಟರೆ ತನ್ನ ನಾಲಿಗೆ ಇನ್ನೂ ಏನನ್ನೂ ಮರೆತಿಲ್ಲ ಎಂದು ಒಪ್ಪಿಕೊಂಡಂತೆ. ಆ ಅಂಜಿಕೆ ಇಲ್ಲದೆ ಬಾಯಿ ಬಿಟ್ಟವರು ಇಬ್ಬರೇ. ಹುಟ್ಟಿದಾಗಿನಿಂದ ಕುಡಿದೇ ಗೊತ್ತಿಲ್ಲದ ಆದಪ್ಪ ಮಾಸ್ತರು ಮುಖ ಕಿವಿಚಿ, ಲಿಂಬೆಹುಳಿ ಹಿಂಡಿದ್ದಾರೇನು ಎಂದು ಪಕ್ಕದವನನ್ನು ಕೇಳಿದರು. ಪಕ್ಕದವನು ನನಗೆ ಗೊತ್ತಾಗಲಿಲ್ಲ ಎಂದು ಗೋಡೆ ನೋಡಿದ. ಆ ಕಡೆ ಪಕೀರಮ್ಮ, ಗ್ಯಾಸಿಗೆ ಒಳ್ಳೆಯದು ಎಂದು ಎದೆ ಸವರಿಕೊಂಡಳು.

ತಟ್ಟೆ ಯುವಕರ ಸಾಲಿಗೆ ಬಂತು. ಅಪ್ಪನ ಹಣೆಯಿಂದ ಬೆವರಿನ ಹನಿ ಮೂಗಿನ ತುದಿಗೆ ಬಂದು ತೂಗುತ್ತಿತ್ತು. ಒರೆಸಿಕೊಳ್ಳಲು ಕೈ ಇರಲಿಲ್ಲ. ಆ ವಾಸನೆಯನ್ನು ಮುಖದ ಕೆಳಗೆ ಹಿಡಿದುಕೊಂಡು ಅವನು ನಲವತ್ತು ಜನರ ಮುಂದೆ ಬಗ್ಗಿ ಎದ್ದಿದ್ದ. ಪಂಪಾಪತಿ ತನ್ನ ಕಪ್ಪು ತೆಗೆದುಕೊಂಡು ಕುಡಿದ. ಇನ್ನು ತಟ್ಟೆಯಲ್ಲಿ ಉಳಿದದ್ದು ಒಂದೇ. ಹಂಚಿದವನು ಕೊನೆಗೆ, ಮೇಜಿನ ಮುಂದೆ, ಎಲ್ಲರೆದುರು ನಿಂತು ಕುಡಿಯಬೇಕು. ಕುಡಿಯಲಾರ ಎಂದುಕೊಂಡ. ಏನಾದರೂ ನೆಪ ಹೇಳುತ್ತಾನೆ. ಆದರೆ ಈ ತಿಂಗಳ ರಸ ಯಾರ ಮನೆಯದೆಂದು ಇಡೀ ಸಭೆಗೆ ಗೊತ್ತಿತ್ತು. ಕಪ್ಪು ಕೆಳಗಿಟ್ಟರೆ ಯಾಕೆಂದು ಹೇಳಬೇಕಾಗುತ್ತದೆ. ಹೇಳಿದರೆ ಆ ಮನೆಯಲ್ಲಿ ಅದನ್ನು ಮಾಡಿದವನ ಹೆಸರು ಬರುತ್ತದೆ, ಸಭೆಯ ಶೇಮ್‌ನ ಹೆಸರು. ಅಪ್ಪ ತಟ್ಟೆ ಇಟ್ಟ. ಕಪ್ಪು ಎತ್ತಿದ. ಕೈ ಈಗ ನಡುಗುತ್ತಿರಲಿಲ್ಲ, ಅದನ್ನು ನೋಡಿಯೇ ಪಂಪಾಪತಿಗೆ ಹೆದರಿಕೆಯಾದದ್ದು. ಅಷ್ಟು ಹಗುರವಾಗಿ, ಅಷ್ಟು ಪರಿಚಯದಿಂದ ಆ ಕೈ ಮೇಲೇರುತ್ತಿತ್ತು.

ಅವನು ಯಾವಾಗ ಎದ್ದನೋ, ಯಾರ ಕಾಲು ತುಳಿದನೋ ತಿಳಿಯದು. ಹೀರೋ ಎಂಟ್ರಿಯ ಸಂಗೀತ ತಲೆಯಲ್ಲಿ ಬರಲಿಲ್ಲ. ಚಾಪೆಯ ಮೇಲೆ ತನ್ನ ಬರಿಗಾಲಿನ ದಬದಬ ಸದ್ದು ಮಾತ್ರ ಕೇಳಿತು. ಅಪ್ಪನ ತುಟಿಯ ಹತ್ತಿರ ಹೋಗಿದ್ದ ಕಪ್ಪನ್ನು ಕಿತ್ತುಕೊಂಡು ಒಂದೇ ಗುಟುಕಿಗೆ ಕುಡಿದುಬಿಟ್ಟ. ಅರ್ಧ ಗಲ್ಲದ ಮೇಲೆ ಹರಿದು ಅಂಗಿಗೆ ಬಿತ್ತು. ಹೆಂಗಸರ ಕಡೆಯಿಂದ ಯಪ್ಪಾ ಎಂಬ ಉದ್ಗಾರ. ಕರ್ತನ ರಕ್ತವನ್ನು ಕಸಿದುಕೊಂಡು ಕುಡಿದವನು ಆ ಸಭೆಯ ಚರಿತ್ರೆಯಲ್ಲಿ ಅವನೊಬ್ಬನೇ. ಮಾನಪ್ಪನವರ ಮುಖ ಕಪ್ಪಿಟ್ಟಿತು.

"ಏನಲೇ ಇದು? ಎರಡನೇದು ಯಾಕ ಕುಡದಿ?"

ಅವನು ಬಾಯಿ ತೆರೆದ. ಎಲ್ಲ ಹೀರೋಗಳೂ ಸಾಲಾಗಿ ನಿಂತು ತಮ್ಮ ತಮ್ಮ ದನಿ ಚಾಚಿದರು. ಯಾರದೂ ಹಿಡಿಸಲಿಲ್ಲ.

"ನೀರಡಿಕಿ ಆಗಿತ್ರೀ," ಎಂದ.

ಯಾರೋ ಕಿಸಕ್ಕನೆ ನಕ್ಕರು. ಮಾನಪ್ಪನವರು ಅಲ್ಲೇ ತೀರ್ಪು ಕೊಟ್ಟರು: ಮೂರು ತಿಂಗಳು ಈ ಮೇಜಿನ ಹತ್ತಿರ ಬರಬೇಡ. ಶೇಮ್ ಅಂತ ತಿಳಿದಿದ್ದೆ, ನಿನ್ನೊಳಗೆ ಹಾಮನೇ ಕೂತಿದ್ದಾನೆ, ಹೆತ್ತ ತಂದೆಯ ದೊಡ್ಡ ದಿನವನ್ನೂ ನಗೆಪಾಟಲು ಮಾಡಿದೆ ಎಂದರು. ಹೇಳುವಾಗ ಅವನ ಕಣ್ಣನ್ನು ನೋಡಲಿಲ್ಲ. ಗಂಡಸರ ಸಾಲಿನಲ್ಲಿ ಹದಿನೇಳು ಬಾಯಿಗಳು ಮುಚ್ಚಿಕೊಂಡೇ ಇದ್ದವು. ಮುಚ್ಚಿದ ಬಾಯೊಳಗೆ ನಾಲಿಗೆ ಹಲ್ಲಿನ ಸಂದಿಗಳನ್ನು ಹುಡುಕುತ್ತಿತ್ತು. ಅವರಲ್ಲಿ ಒಬ್ಬ ತಲೆಯಾಡಿಸಿ, ಈಗಿನ ಹುಡುಗರಿಗೆ ದೇವರ ಹೆದರಿಕೆ ಇಲ್ಲ ಎಂದ. ಉಳಿದವರು ಆಮೆನ್ ಎಂದರು.

ವಾಪಸು ಬರುವಾಗ ಅಪ್ಪ ಮನೆಯ ದಾರಿ ಬಿಟ್ಟು ಹಳ್ಳದ ಕಡೆ ಬೈಕು ತಿರುಗಿಸಿದ. ಬೇಸಿಗೆಯ ಹಳ್ಳ, ಉಸುಕು, ಅಲ್ಲಲ್ಲಿ ಪಾಚಿಗಟ್ಟಿದ ಮೊಣಕಾಲುದ್ದ ನೀರು, ದಂಡೆಗೆ ಜಾಲಿ. ಬೈಕು ನಿಲ್ಲಿಸಿದ ಮೇಲೂ ಅವನು ಹ್ಯಾಂಡಲ್ ಬಿಡಲಿಲ್ಲ.

"ಕುದಿಸಿದ್ದಿಲ್ಲ," ಎಂದ. ಅದು ಪ್ರಶ್ನೆಯಾಗಿರಲಿಲ್ಲ.

"ಇಲ್ಲ."

"ಎಂದು ನೆನಿಹಾಕಿದ್ದಿ?"

"ಗುರುವಾರ. ಸಕ್ರಿನೂ ಹಾಕಿದ್ದೆ."

ಅಪ್ಪ ಹೂಂಗುಟ್ಟಿದ. ಒಂದು ಕಾಗೆ ನೀರಿಗೆ ಬಂದು, ರುಚಿ ನೋಡಿ, ಹಾರಿಹೋಯಿತು. ಅಪ್ಪ ಹಳ್ಳದ ಕಡೆಗೇ ನೋಡುತ್ತ, ದನಿ ಇಳಿಸಿ ಕೇಳಿದ:

"ಹೆಂಗಿತ್ತು?"

ಪಂಪಾಪತಿ ಗಲ್ಲ ಒರೆಸಿಕೊಂಡ. ಅಂಗಿಯ ಮೇಲಿನ ಕಲೆ ಆಗಲೇ ಒಣಗಿ ಅಂಟಾಗಿತ್ತು. "ಹುಳಿ," ಎಂದ. "ಕಡೀಕ ಒಂದೀಟು ಸಿಹಿ."

"ಇನ್ನೊಂದು ದಿನ ಬಿಟ್ಟಿದ್ರ ಸಿಹಿನೂ ಹೋಗ್ತಿತ್ತು." ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿದಂತೆ ಅಪ್ಪ ತಟಕ್ಕನೆ ಹ್ಯಾಂಡಲ್ ಬಿಟ್ಟ. ಮಗನ ಹೆಗಲಿನಲ್ಲಿದ್ದ ಕೈಚೀಲವನ್ನು ಅವನು ಒಮ್ಮೆ ನೋಡಿದ, ಮತ್ತೆ ನೋಡಿದ. "ಅದನ್ನ ಇಲ್ಲೇ ಚೆಲ್ಲಿಬಿಡು. ಪೂರಾ ಚೆಲ್ಲು. ನಾ ಆ ಕಡಿ ತಿರುಗಿ ನಿಂದರ್ತೀನಿ."

ಅಪ್ಪ ನಾಲ್ಕು ಹೆಜ್ಜೆ ಹೋಗಿ ಬೆನ್ನು ಮಾಡಿ ನಿಂತ. ಬಿಳಿ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಪಂಪಾಪತಿ ಉಸುಕಿನಲ್ಲಿ ಕುಕ್ಕರಗಾಲಲ್ಲಿ ಕೂತು ಬಾಟಲಿ ಬಗ್ಗಿಸಿದ. ಗಳಗಳ ಎಂದು ಹರಿದ ರಸವನ್ನು ಉಸುಕು ಒಂದೇ ಉಸಿರಿಗೆ ಎಳೆದುಕೊಂಡಿತು. ಮೇಲೆ ನೊರೆ ಮಾತ್ರ ಉಳಿಯಿತು. ಬೆನ್ನಿಗೆ ಮಾತಾಡುವುದು ಸುಲಭವೆಂದು ಆಗ ತಿಳಿಯಿತು.

"ಅಪ್ಪಾ."

"ಹೂಂ."

"ಲಿಂಗಸೂಗೂರಾಗ ನಿನ್ನ ಮ್ಯಾಲ ಚೀಲ ಹೊಚ್ಚಿದ್ದು ನಾ ಅಲ್ಲ."

ಬೆನ್ನು ಅಲುಗಲಿಲ್ಲ.

"ಗೊತ್ತೈತಿ. ಮರುದಿನ ಮುನ್ನಿಬೀಗೆ ಆಕಿ ಚೀಲ ಕೊಟ್ಟೇ ಮನಿಗೆ ಬಂದೀನಿ. ಮಸ್ಕಿ ಬಸ್ಸು ಹತ್ತಿದ ಹುಡುಗ ಅಂದ್ಲು, ನೀನಂತ ತಿಳೀತು. ನೀ ಎಲ್ಲಿ ನಿಂತಿದ್ದಿ, ಏನು ಮಾಡಿದಿ, ಎಲ್ಲಾ ಹೇಳಿದ್ಲು."

ಬಾಟಲಿ ಕೈಯಲ್ಲಿ ಹಗುರವಾಗುತ್ತ ಬಂತು. ಏನು ಮಾಡಿದಿ ಎಂಬಲ್ಲಿ ಅಪ್ಪನ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ.

"ಮತ್ತ ಸಭಾದಾಗ ಯಾಕ ಹಂಗ ಹೇಳಿದಿ?"

"ಅಷ್ಟು ಮಂದಿ ಮುಂದ ಮತ್ತೇನು ಹೇಳಬೇಕಾಗಿತ್ತಲೇ," ಎಂದ ಅಪ್ಪ. ಕಾಲು ಬದಲಿಸಿ ನಿಂತು, ಕೇಳಿದ: "ಆತೇನು? ತಿರುಗಲೇನು?"

ಬಾಟಲಿ ಆಗಲೇ ಖಾಲಿಯಾಗಿತ್ತು. ಪಂಪಾಪತಿ ಅದನ್ನು ಹಾಗೇ ಬಗ್ಗಿಸಿ ಹಿಡಿದುಕೊಂಡು, ಇನ್ನೊಂದು ಕೈಯಿಂದ ಅಂಗಿಯ ತುದಿ ಎತ್ತಿ ಮುಖ ಒರೆಸಿಕೊಳ್ಳುತ್ತಿದ್ದ. ಎಷ್ಟು ಒರೆಸಿದರೂ ಮುಗಿಯುತ್ತಿರಲಿಲ್ಲ.

"ತಡಿಯಪ್ಪಾ," ಎಂದ. "ಇನ್ನೂ ಒಂಚೂರು ಐತಿ."